ನಮ್ಮ ತಂಡದ ಮೊದಲ ಸರದಿ

ಆಟಗಾರರಿಗೆ ಆಟದ ದಿನವಷ್ಟೇ ಕಷ್ಟ. ಸೋತರೆ ಮನೆಗೆ ಹೋಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿಬಿಡುತ್ತಾರೆ. ಅಭಿಮಾನಿಯ ಕಷ್ಟ ಶುರುವಾಗುವುದೇ ಆಮೇಲೆ. ಎಡಮೂಲೆಯಲ್ಲಿ ಯಾರು ನಿಲ್ಲಬೇಕಿತ್ತು, ಯಾರು ಹಿಡಿಯಲು ಹೋಗದೆ ಸುಮ್ಮನಿರಬೇಕಿತ್ತು, ಮುಂದಿನ ವರ್ಷಕ್ಕೆ ಯಾರನ್ನು ಹೊಸದಾಗಿ ತರಬೇಕು ಎಂಬ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವವರು ನಾವು. ಈ ಕೆಲಸಕ್ಕೆ ನಮ್ಮನ್ನು ಯಾರೂ ನೇಮಿಸಿಲ್ಲ. ಹಾಗಾಗಿ ಕೆಲಸದಿಂದ ತೆಗೆದುಹಾಕುವುದೂ ಯಾರಿಂದಲೂ ಸಾಧ್ಯವಿಲ್ಲ.

ನನ್ನ ನಿಜವಾದ ಕೆಲಸ ಬೈಲಹೊಂಗಲದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು. ಪೇಟೆಯಲ್ಲಿ ನನ್ನನ್ನು ಕಂಡರೆ ಎಷ್ಟೋ ಜನ ತಮಗೇ ಗೊತ್ತಿಲ್ಲದಂತೆ ತೋಳು ಮುಚ್ಚಿಕೊಳ್ಳುತ್ತಾರೆ. ಲ್ಯಾಬಿನಲ್ಲಿ ಪ್ರತಿಯೊಂದು ಟ್ಯೂಬಿನ ಮೇಲೆ ಹೆಸರು, ತಾರೀಖು ಬರೆಯಲೇಬೇಕು. ಆ ಅಭ್ಯಾಸ ಮನೆಯತನಕ ಬಂದಿದೆ. ಮೊದಲ ಮಳೆ ಬಿದ್ದದ್ದು, ಹಾಲು ಉಕ್ಕಿ ಒಲೆಗೆ ಸುರಿದದ್ದು, ಮಿಕ್ಸರ್ ಸುಟ್ಟದ್ದು, ಚಿಕ್ಕಮ್ಮ ನನಗೊಂದು ವರ ಹುಡುಕಿದ್ದೇನೆಂದು ಫೋನು ಮಾಡಿದ್ದು ಎಲ್ಲವೂ ತಾರೀಖು ಸಮೇತ ನನ್ನ ಡೈರಿಯಲ್ಲಿವೆ. ಇವುಗಳ ಜೊತೆಗೆ ಕಬಡ್ಡಿ. ಯಾರು ಎಷ್ಟು ರೇಡ್ ಹೋದರು, ಎಷ್ಟು ಸಲ ಮುಟ್ಟಿ ಬಂದರು, ಎಷ್ಟು ಸಲ ಸಿಕ್ಕಿಬಿದ್ದರು ಎಂಬುದಕ್ಕೆ ಗೀಟು ಎಳೆಯುತ್ತಾ ಕೂರುತ್ತೇನೆ. "ಗ್ವಾಡಿ ಮ್ಯಾಲೆ ಹಾಲಿನ ಲೆಕ್ಕ ಬರದಂಗ ಬರೀತಿ ನೋಡು" ಎನ್ನುತ್ತಾಳೆ ಅವ್ವ.

ನಾನೂ ಆಡಿದ್ದೇನೆ. ಒಂದೇ ಸಲ, ಒಂಬತ್ತನೇ ತರಗತಿಯಲ್ಲಿ. "ಕಬಡ್ಡಿ ಕಬಡ್ಡಿ" ಎನ್ನುತ್ತಾ ಎದುರಿನ ಅಂಗಣಕ್ಕೆ ಹೋದೆ. ಉಸಿರು ಚೆನ್ನಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು. ಅಲ್ಲಿಂದ ಒಂದು ಸುತ್ತು ಹಾಕಿ, ಯಾರನ್ನೂ ಮುಟ್ಟದೆ, ಯಾರೂ ನನ್ನನ್ನು ಮುಟ್ಟುವ ಗೋಜಿಗೆ ಹೋಗದೆ, ನೆಂಟರ ಮನೆ ನೋಡಿಕೊಂಡು ಬಂದವಳಂತೆ ವಾಪಸು ಬಂದೆ. ನಮ್ಮ ಪಿ.ಟಿ. ಟೀಚರು ಬಹಳ ಹೊತ್ತು ನನ್ನನ್ನೇ ನೋಡಿ, "ನೀ ಸ್ಕೋರ್ ಬರಿಯವಾ" ಎಂದರು. ಅಂದಿನಿಂದ ಬರೆಯುತ್ತಲೇ ಇದ್ದೇನೆ.

ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಸವದತ್ತಿ, ಈ ನಾಲ್ಕೂ ಊರುಗಳ ಹೆಣ್ಣುಮಕ್ಕಳ ತಂಡಗಳ ನಡುವೆ ವರ್ಷಕ್ಕೊಮ್ಮೆ ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಟಿ.ವಿ.ಯಲ್ಲಿ ಬರುವಷ್ಟು ದೊಡ್ಡವೇನಲ್ಲ. ಆಟದ ವಿವರಣೆ ಕೊಡುವವರೇ ನಡುನಡುವೆ ಕಳೆದುಹೋದ ಚಪ್ಪಲಿಯ ವಿಷಯವನ್ನೂ ಮೈಕಿನಲ್ಲಿ ಹೇಳುತ್ತಾರೆ. ಕಿತ್ತೂರಿನ ಕಡೆ ಪಂದ್ಯವಿದ್ದರೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಮೈದಾನದ ಪಕ್ಕದಲ್ಲೇ ನಿಂತುಬಿಡುತ್ತವೆ, ಜನ ಕಬ್ಬಿನ ಹೇರಿನ ಮೇಲೆ ಹತ್ತಿ ಆಟ ನೋಡುತ್ತಾರೆ. ಮುಂದಿನ ಗಾಡಿ ಸರಿದರೆ ಇಡೀ ಗ್ಯಾಲರಿಯೇ ಚಪ್ಪಾಳೆ ತಟ್ಟುತ್ತಾ ರಸ್ತೆಯಲ್ಲಿ ಮುಂದೆ ಹೋಗುತ್ತದೆ.

ಪಂದ್ಯಗಳಿಗೆ ಮೊದಲು ಹೊಸ ಹುಡುಗಿಯರ ಆಯ್ಕೆಯಾಗಬೇಕು. ಕಾಲೇಜುಗಳಲ್ಲಿ ಚೆನ್ನಾಗಿ ಆಡುವ ಎಂಟು ಜನರನ್ನು ಒಂದೆಡೆ ಕರೆಸುತ್ತಾರೆ, ನಾಲ್ಕು ತಂಡಗಳು ಸರದಿಯಂತೆ ಇಬ್ಬಿಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದೊಮ್ಮೆ ಯಾರೋ ಟಿ.ವಿ. ನೋಡಿ, ನಾವೂ ಹರಾಜು ಇಡೋಣ ಎಂದಿದ್ದರಂತೆ. ನಮ್ಮ ತಂಡದ ಅಧ್ಯಕ್ಷರು, ಹತ್ತಿ ವ್ಯಾಪಾರದ ಈರಪ್ಪಣ್ಣ ಸಾಹುಕಾರರು, "ಹೆಣ್ಮಕ್ಕಳನ್ನ ಹರಾಜಿಗೆ ಹಚ್ತೀರೇನು? ಮೊದ್ಲ ಬಾಯಿ ತೊಳ್ಕೊಂಡ್ ಬರ್ರಿ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಹಾಗಾಗಿ ಸರದಿಯ ಪದ್ಧತಿ ಬಂತು. ಕಳೆದ ಸಲ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಸೋತವರ ಮೇಲೆ ಇಷ್ಟು ಕರುಣೆ ಇರುವ ನಿಯಮ ಬೇರೆಲ್ಲೂ ಇರಲಾರದು.

ಆ ಕರುಣೆಗೆ ಪಾತ್ರರಾಗಲು ನಾವು ಸರ್ವ ರೀತಿಯಿಂದಲೂ ಯೋಗ್ಯರಾಗಿದ್ದೆವು. ನಮ್ಮ ತಂಡ ಕಳೆದ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಿಡಿಯುವವರು ನಮ್ಮಲ್ಲಿದ್ದರು. ನಾಯಕಿ ರೇಣುಕಕ್ಕ ಬಸ್ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನುಗ್ಗಿ ನುಗ್ಗಿ ಅವಳ ತೋಳುಗಳು ಗಟ್ಟಿಯಾಗಿವೆ. ಎದುರಾಳಿಯ ಪಾದ ಅವಳ ಕೈಗೆ ಸಿಕ್ಕರೆ, ಟಿಕೆಟ್ ತೆಗೆಸದೆ ಇಳಿಯಲು ಬಿಡುವವಳಲ್ಲ. ಆದರೆ ಎದುರಿನ ಅಂಗಣಕ್ಕೆ ನುಗ್ಗಿ ಮುಟ್ಟಿ ಬರುವ ರೇಡರ್ ಒಬ್ಬಳೂ ನಮ್ಮಲ್ಲಿರಲಿಲ್ಲ. ಹೋದವರೆಲ್ಲ ನನ್ನ ಒಂಬತ್ತನೇ ತರಗತಿಯ ಸಂಪ್ರದಾಯದವರೇ.

ಹೀಗಿರುವಾಗ ಒಂದು ಶನಿವಾರ ನಾನು ಮಹಾದೇವಿಯನ್ನು ಕಂಡೆ. ಸವದತ್ತಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದವಳು, ಕಾಲೇಜಿನ ಮೈದಾನದಲ್ಲಿ ಸೀಟಿಯ ಸದ್ದು ಕೇಳಿ ಒಳಗೆ ಹೋದೆ. ದೊಡ್ಡಮ್ಮ ನನ್ನನ್ನು ಕಂಡದ್ದು ಸಂಜೆಯೇ. ಮಹಾದೇವಿ ಸಿರಸಂಗಿಯ ಹುಡುಗಿ, ಬಿ.ಎ. ಎರಡನೇ ವರ್ಷ. ಎತ್ತರವೇನಿಲ್ಲ, ಬಿಗಿಯಾದ ಎರಡು ಜಡೆ. ರೇಡಿಗೆ ಹೋದರೆ ಉಳಿದವರಂತೆ ಕುಣಿಯುವುದಿಲ್ಲ, ತೊಡೆ ತಟ್ಟುವುದಿಲ್ಲ. ಒಂದು ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಬೆಂಡೋಲೆಯ ತಿರುಪು ಬಿದ್ದುಹೋಗಿದೆ ಎಂಬಂತೆ ನೆಲ ನೋಡುತ್ತಾ ಹೋಗುತ್ತಾಳೆ. ಎದುರಿನ ಏಳು ಜನರಿಗೂ ಒಂದು ಕ್ಷಣ, ಏನು ಬಿತ್ತು ಎಂಬ ಅನುಮಾನ. ಹೆಣ್ಣುಮಕ್ಕಳ ಮನಸ್ಸಲ್ಲವೇ, ಬಂಗಾರದ್ದೇನೋ ಎಂದು ಅವರೂ ನೆಲ ನೋಡುತ್ತಾರೆ. ಅಷ್ಟರಲ್ಲಿ ಇಬ್ಬರನ್ನು ಮುಟ್ಟಿ ಅವಳು ತನ್ನ ಗೆರೆ ದಾಟಿ ನಿಂತಿರುತ್ತಾಳೆ. ಅವಳನ್ನು ಮೂವರು ಒಟ್ಟಿಗೆ ಹಿಡಿದದ್ದನ್ನೂ ಕಂಡೆ. ಒಬ್ಬಳು ಸೊಂಟ, ಇಬ್ಬರು ಕಾಲು. ಅವಳು ನೀರಿನಲ್ಲಿ ಇಳಿದಂತೆ ಕೆಳಗೆ ಇಳಿದು, ಅವರ ನಡುವಿನಿಂದಲೇ ಕೈ ಚಾಚಿ, ಎರಡು ಬೆರಳುಗಳ ತುದಿಯಿಂದ ಗೆರೆ ಮುಟ್ಟಿದಳು. ನಾನು ಗೀಟು ಎಳೆಯುವುದನ್ನೇ ಮರೆತೆ. ನನ್ನ ಡೈರಿಯಲ್ಲಿ ಅದೊಂದು ಪಂದ್ಯದ ಲೆಕ್ಕ ಇಂದಿಗೂ ಅಪೂರ್ಣವಾಗಿದೆ.

ಅಂದಿನಿಂದ ನನಗೆ ಬೇರೆ ಮಾತಿಲ್ಲ. ರಕ್ತ ತೆಗೆಯುವಾಗ ಏನಾದರೂ ಮಾತಾಡುತ್ತಿದ್ದರೆ ಜನರಿಗೆ ಸೂಜಿಯ ನೋವು ಗೊತ್ತಾಗುವುದಿಲ್ಲ. ಮೊದಲು ನಾನು ಮಳೆ, ಬೆಳೆ, ಮಕ್ಕಳ ವಿಷಯ ಕೇಳುತ್ತಿದ್ದೆ. ಈಗ ಮಹಾದೇವಿಯ ವಿಷಯ ಹೇಳತೊಡಗಿದೆ. "ಈ ಸಲ ಮೊದಲ ಸರದಿ ನಮ್ಮದ ಐತ್ರಿ, ನಾವು ಆಕಿನ್ನ ತಗೋತೀವಿ" ಎಂದು ಸಕ್ಕರೆ ಕಾಯಿಲೆಯವರಿಗೂ, ಬಸುರಿಯರಿಗೂ, ಥೈರಾಯ್ಡಿನವರಿಗೂ ಭೇದವಿಲ್ಲದೆ ಹೇಳಿದೆ. ನಮ್ಮ ಲ್ಯಾಬಿಗೆ ಕಿತ್ತೂರಿನ ಕಡೆಯವರೂ ಬರುತ್ತಾರೆ, ಸವದತ್ತಿಯ ಕಡೆಯವರೂ ಬರುತ್ತಾರೆ. ರಿಪೋರ್ಟಿನ ಜೊತೆಗೆ ಈ ಸುದ್ದಿಯನ್ನೂ ತೆಗೆದುಕೊಂಡು ಅವರು ಊರಿಗೆ ಹೋದರು. ಬೈಲಹೊಂಗಲದವರು ಮಹಾದೇವಿಯ ಮೇಲೆ ಕಣ್ಣಿಟ್ಟಿದ್ದಾರೆಂದು ತಿಂಗಳೊಳಗೆ ನಾಲ್ಕೂ ಊರಿಗೆ ಗೊತ್ತಾಯಿತು.

ಒಂದು ರಜೆಯ ದಿನ ಸಿರಸಂಗಿಗೂ ಹೋಗಿಬಂದೆ. ಮಹಾದೇವಿಯ ಅಪ್ಪ ಹೊಲದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ನನ್ನ ಹೊಗಳಿಕೆಯನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ, "ಆಟ ಚಲೋ ಆಡ್ತಾಳ್ರಿ, ನಂಗೂ ಗೊತ್ತೈತಿ. ಆದ್ರ ಹೋದ ವರ್ಷ ಪರೀಕ್ಷಾದಾಗ ಎರಡು ಪೇಪರ್ ಹಿಂದ ಬಿದ್ದಾವ. ಈ ಸಲ ಯಾರರ ಮನಸಿಟ್ಟು ಕರಕೊಂಡ್ರ ಆಡ್ಲಿ. ಯಾರೂ ಕರೀಲಿಲ್ಲಂದ್ರ ಅಲ್ಲಿಗೆ ಕಬಡ್ಡಿ ಮುಗೀತು, ಪುಸ್ತಕ ಹಿಡೀಲಿ" ಎಂದರು. ಮಹಾದೇವಿ ಬಾಗಿಲ ಚೌಕಟ್ಟಿಗೆ ಆತು ನಿಂತು ಜಡೆಯ ತುದಿ ತಿರುವುತ್ತಿದ್ದಳು. ನಾನು ಎದೆ ಸೆಟೆಸಿ, "ನೀವು ಚಿಂತಿ ಬಿಡ್ರಿ ಕಾಕಾ, ಅಲ್ಲಿ ಕರಿಯೂ ಮೊದಲನೇ ಹೆಸರ ಆಕಿದು" ಎಂದೆ. ತಂಡದಲ್ಲಿ ನನಗೆ ಯಾವ ಸ್ಥಾನವೂ ಇಲ್ಲವೆಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ.

ಮನೆಗೆ ಬಂದಾಗ ಅವ್ವ, "ಆ ಹುಡುಗಿ ಹಿಂದ ನೀ ತಿರಗ್ಯಾಡಿದಷ್ಟು ನಿನಗ ವರಾ ನೋಡಾಕ ನಾ ತಿರಗ್ಯಾಡಿಲ್ಲವಾ" ಎಂದಳು. "ತಿರಗ್ಯಾಡಿದ್ರ ಇಂಥಾ ರೇಡರ್ ಸಿಗ್ತಿದ್ಲೇನು?" ಎಂದೆ. ಅವ್ವ ಲಟ್ಟಣಿಗೆ ಕೆಳಗಿಟ್ಟು ನನ್ನನ್ನು ನೋಡಿದ ರೀತಿಯಲ್ಲಿ, ಚಿಕ್ಕಮ್ಮನಿಗೆ ಮತ್ತೆ ಫೋನು ಹೋಗುವುದು ಖಚಿತವಾಯಿತು.

ಆಯ್ಕೆಯ ಕೂಟ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. ಈ ಸಲ ನಮ್ಮ ಊರು, ಅದೂ ಈರಪ್ಪಣ್ಣ ಸಾಹುಕಾರರ ಮನೆಯ ಪಡಸಾಲೆ. ನಮ್ಮದೇ ಊರು, ನಮ್ಮದೇ ಮನೆ, ನಮ್ಮದೇ ಮೊದಲ ಸರದಿ. ಇದಕ್ಕಿಂತ ಶುಭ ಇನ್ನೇನು ಬೇಕು ಎಂದುಕೊಂಡೆ. ಸಾಹುಕಾರರ ಸ್ವಭಾವ ಗೊತ್ತಿದ್ದೂ ನನಗೆ ಅಪಾಯ ಹೊಳೆಯದೇ ಹೋದದ್ದು ಆಶ್ಚರ್ಯ. ಅವರ ಅಂಗಡಿಗೆ ಕೊಟ್ಟ ಹಣ ವಾಪಸು ಕೇಳಲು ಬಂದವರೂ ಊಟ ಮಾಡದೆ ಹೋದದ್ದಿಲ್ಲ. ದಾರಿ ಕೇಳಿದವರನ್ನು ಕೂರಿಸಿ ಚಹಾ ಕುಡಿಸಿ, ಆಮೇಲೆ ದಾರಿ ಹೇಳುತ್ತಾರೆ. ಅಂಥ ಮನುಷ್ಯರು ನಮ್ಮ ಊರಲ್ಲಿದ್ದಾರೆಂಬುದು ನನಗೆ ಹೆಮ್ಮೆ. ಆ ಹೆಮ್ಮೆ ಅಂದು ಮಧ್ಯಾಹ್ನದವರೆಗೂ ಇತ್ತು.

ಕಿತ್ತೂರು ತಂಡದ ಪರವಾಗಿ ನಿವೃತ್ತ ಪಿ.ಟಿ. ಮಾಸ್ತರರು ಬಂದಿದ್ದರು. ನಿವೃತ್ತರಾದರೂ ಸೀಟಿ ಕೊರಳಲ್ಲೇ ಇತ್ತು. ಕೂಟ ನಡೆಸುವ ಹೊಣೆ ಅವರದು. ರಾಮದುರ್ಗದಿಂದ ಸೀರೆ ಅಂಗಡಿಯ ಮಾಲೀಕರು, ಸವದತ್ತಿಯಿಂದ ಒಬ್ಬರು ವಕೀಲಬಾಯಿ. ಎದುರಿಗೆ ಜಮಖಾನದ ಮೇಲೆ ಎಂಟು ಹುಡುಗಿಯರು ಸಾಲಾಗಿ ಕುಳಿತಿದ್ದರು, ಮಹಾದೇವಿ ನಡುವೆ. ನಮ್ಮ ಪರವಾಗಿ ಸಾಹುಕಾರರು, ಅವರ ಪಕ್ಕದಲ್ಲಿ ರೇಣುಕಕ್ಕ. ನಾನು ಚಹಾ, ನೀರು ಕೊಡುವ ನೆಪದಲ್ಲಿ ಒಳಗೆ ಸೇರಿಕೊಂಡಿದ್ದೆ. ಮೊದಲು ಊಟವಾಯಿತು. ಶೇಂಗಾ ಹೋಳಿಗೆ ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದಲೂ ಸಾಹುಕಾರರು ಹೋಳಿಗೆ ಇಳಿಸಿದರು.

ಮಾಸ್ತರರು ಸೀಟಿ ಊದಿ, "ಹೋದ ಸಲದ ಕೊನೇ ತಂಡ ಬೈಲಹೊಂಗಲ. ನಿಯಮದ ಪ್ರಕಾರ ಮೊದಲ ಸರದಿ ಅವರದು. ಹೇಳ್ರಿ ಸಾಹುಕಾರ್ರ, ಯಾರನ್ನ ತಗೋತೀರಿ?" ಎಂದರು.

ಸಾಹುಕಾರರು ಎದ್ದು ನಿಂತು, ಪೇಟ ಸರಿಮಾಡಿಕೊಂಡು, ಎಲ್ಲರಿಗೂ ಕೈಮುಗಿದರು. "ಮಾಸ್ತರ, ನಿಯಮ ನಿಮ್ದು ಖರೆ ಐತಿ. ಆದ್ರ ಮನಿ ನಂದು. ಮನಿಗೆ ಬಂದ ಮಂದಿ ಕೈ ತೊಳಕೊಂಡು ಕುಂತಿರೂವಾಗ, ಮನ್ಯಾಂವ ಮೊದ್ಲ ತಾಟಿಗೆ ಕೈ ಹಾಕ್ತಾನೇನ್ರಿ? ಮೊದ್ಲ ನೀವು ತಗೋರಿ. ನಾವು ಕಡೀಕ."

ರೇಣುಕಕ್ಕ ಸಾಹುಕಾರರ ಧೋತರದ ಅಂಚು ಹಿಡಿದು ಜಗ್ಗಿದಳು. ಅವರು ಬಗ್ಗಿ, "ಯಾಕವಾ, ನೀರು ಬೇಕೇನು?" ಎಂದು ಪ್ರೀತಿಯಿಂದ ಕೇಳಿ, ನನ್ನ ಕಡೆ ತಿರುಗಿ ನೀರು ತರಲು ಹೇಳಿದರು. ನಾನು ನೀರು ಕೊಡಲು ಬಗ್ಗಿದಾಗ ರೇಣುಕಕ್ಕ, "ಮುಗೀತ ನೋಡು. ಮೊದಲನೇ ಗೇರಿನ್ಯಾಗ ಗಾಡಿ ಬಂದ್ ಬಿತ್ತು" ಎಂದು ಹಲ್ಲು ಕಚ್ಚಿದಳು.

ಸರದಿ ಕಿತ್ತೂರಿಗೆ ಹೋಯಿತು. ಮಾಸ್ತರರು ಮಹಾದೇವಿಯನ್ನು ನೋಡಿದರು. ಮೂವತ್ತು ವರ್ಷ ಮಕ್ಕಳನ್ನು ಮೈದಾನದಲ್ಲಿ ಓಡಿಸಿದ ಆ ಕಣ್ಣಿಗೆ ಅವಳ ಬೆಲೆ ಗೊತ್ತಿಲ್ಲದೆ ಏನು? ಆದರೆ ಅವರೂ ಈ ಕಡೆಯ ಮಣ್ಣಿನವರೇ. "ಸಿರಸಂಗಿ ಹುಡುಗಿ ಮ್ಯಾಲೆ ಬೈಲಹೊಂಗಲದವ್ರ ಮನಸು ಐತಿ ಅಂತ ಊರಿಗೆಲ್ಲ ಗೊತ್ತದ. ನಮ್ಮ ಮನ್ಯಾಕಿ ಲ್ಯಾಬಿಗೆ ಹೋದಾಗ ಕೇಳ್ಕೊಂಡ್ ಬಂದಾಳ. ಅವರ ಮನ್ಯಾಗ ಉಂಡು, ಅವರು ಆಸೆ ಪಟ್ಟಿದ್ದನ್ನ ನಾ ಎತ್ತಿಕೊಂಡ್ರ ಉಂಡ ಅನ್ನ ಮೈಗೆ ಹತ್ತೂದಿಲ್ಲ" ಎಂದು ಬೇರೆ ಹುಡುಗಿಯ ಹೆಸರು ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ರಾಮದುರ್ಗದವರೂ ಹಾಗೆಯೇ, "ಅಂಥಾ ಆಟಗಾರ್ತಿ ನಾಕ ಊರಾಗ ಇಲ್ಲ ಬಿಡ್ರಿ" ಎಂದು ಮಹಾದೇವಿಯನ್ನು ಮನಸಾರೆ ಹೊಗಳಿ, ಮತ್ತೊಬ್ಬಳನ್ನು ಆರಿಸಿಕೊಂಡರು. ವಕೀಲಬಾಯಿ, "ಹೋದ ಸಲ ಗೆದ್ದವರ ನಾವು. ಆಕಿ ನಮ್ಮ ತಾಲೂಕಿನಾಕಿ. ಇಷ್ಟೆಲ್ಲಾ ಇದ್ದ ಮ್ಯಾಲೂ ನಾವ ಆಕಿನ್ನ ಕೇಳಿದ್ರ ಆಸೆಬುರಕರು ಅಂತಾರ" ಎಂದು ನಕ್ಕು ಮೂರನೆಯವಳನ್ನು ಕರೆದರು.

ನಾಲ್ಕನೆಯ ಸರದಿ ನಮ್ಮದು. ಮಹಾದೇವಿ ಇನ್ನೂ ಅಲ್ಲೇ ಇದ್ದಳು. ನಾನು ಮನಸ್ಸಿನಲ್ಲೇ ಸಾಹುಕಾರರ ಕಾಲಿಗೆ ಬಿದ್ದೆ. ಹಿರಿಯರ ದಾರಿಯೇ ಬೇರೆ, ಮರ್ಯಾದೆಯೂ ಉಳಿಯಿತು, ಹುಡುಗಿಯೂ ಉಳಿದಳು ಎಂದುಕೊಳ್ಳುತ್ತಿರುವಾಗ ಅವರು ಕಣ್ಣು ಒರೆಸಿಕೊಂಡರು. "ನೋಡ್ರಿ, ನನಗೋಸ್ಕರ ನೀವೆಲ್ಲ ಸಣ್ಣ ಸಣ್ಣದ ತಗೊಂಡ್ರಿ. ಇನ್ನ ನಾ ದೊಡ್ಡದನ್ನ ಬಾಚ್ಕೊಂಡ್ರ ನಾ ಎಂಥಾ ಮನಶಾ ಆದೆ? ಆ ಮೂಲ್ಯಾಗ ಕುಂತ ಕೂಸಿನ್ನ ಕಳಸ್ರಿ" ಎಂದರು. ಮೂಲೆಯಲ್ಲಿದ್ದದ್ದು ಸಂಗೊಳ್ಳಿಯ ಶಾಂತಾ. ಎಂಟು ಜನರಲ್ಲಿ ಸಣ್ಣವಳು, ಊಟದಲ್ಲೂ ಸಾರು ಬೇಕೆಂದು ಬಾಯಿಬಿಟ್ಟು ಕೇಳಿರಲಿಲ್ಲ. ತನ್ನನ್ನೇ ಕರೆದದ್ದೆಂದು ನಂಬದೆ ಹಿಂದೆ ತಿರುಗಿ ಗೋಡೆ ನೋಡಿದಳು.

ರೇಣುಕಕ್ಕ ಈಗ ಧೋತರ ಜಗ್ಗಲಿಲ್ಲ. ಎರಡೂ ಕೈಗಳಲ್ಲಿ ತನ್ನ ತಲೆಯನ್ನೇ ಹಿಡಿದುಕೊಂಡಿದ್ದಳು.

ಎರಡನೆಯ ಸುತ್ತೂ ಅದೇ ರಾಗದಲ್ಲಿ ಶುರುವಾಯಿತು. ಮಾಸ್ತರರು ಮಹಾದೇವಿಯ ಉಸಿರನ್ನು ಹೊಗಳಿ ಬೇರೆಯವಳನ್ನು ಕರೆದರು. ಸೀರೆ ಅಂಗಡಿಯವರು ಅವಳ ಕಾಲಿನ ಚುರುಕನ್ನು ಹೊಗಳಿ ಬೇರೆಯವಳನ್ನು ಕರೆದರು. ಒಬ್ಬ ಹುಡುಗಿಯನ್ನು ಇಷ್ಟೊಂದು ಜನ ಇಷ್ಟೊಂದು ಹೊತ್ತು ಹೊಗಳಿ, ಯಾರೂ ಬಾ ಎನ್ನದಿರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಜಮಖಾನದ ಮೇಲೆ ಇಬ್ಬರೇ ಉಳಿದರು, ಮಹಾದೇವಿ ಮತ್ತು ಕನ್ನಡಕದ ಒಬ್ಬ ಹುಡುಗಿ. ಈಗ ಸರದಿ ಸವದತ್ತಿಯದು, ಆಮೇಲೆ ನಮ್ಮದು. ಲೆಕ್ಕದಲ್ಲಿ ನಾನು ಎಂದೂ ತಪ್ಪಿದವಳಲ್ಲ. ವಕೀಲಬಾಯಿ ಇನ್ನೊಂದೇ ಸಲ ಮರ್ಯಾದೆ ತೋರಿಸಿದರೆ ಸಾಕು, ಕನ್ನಡಕದವಳು ಅವರಿಗೆ ಹೋಗುತ್ತಾಳೆ, ಮಹಾದೇವಿ ತಾನಾಗಿ ನಮ್ಮವಳಾಗುತ್ತಾಳೆ. ಸಾಹುಕಾರರಿಗೂ ಬೇರೆ ದಾರಿ ಇರುವುದಿಲ್ಲ. ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದಕ್ಕಿಂತ ಸುಲಭದ ಕೆಲಸ ಯಾವುದಿದೆ?

ವಕೀಲಬಾಯಿ ಯೋಚಿಸುತ್ತಾ ಚಹಾ ಕುಡಿಯುತ್ತಿದ್ದರು. ಅಷ್ಟರಲ್ಲಿ ಮಹಾದೇವಿ ನನ್ನನ್ನು ನೀರಿಗೆ ಕರೆದಳು. ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಪಿಸುಗುಟ್ಟಿದಳು: "ಅಕ್ಕಾರ, ಖರೆ ಹೇಳ್ರಿ. ನನ್ನ ಆಟದಾಗ ಏನ್ ತಪ್ಪೈತಿ?"

"ಏನೂ ಇಲ್ಲವಾ."

"ಮತ್ತ ಯಾಕ ಯಾರೂ ಕರೀವಲ್ರು? ಮನಸಿಟ್ಟು ಕರಕೊಂಡ್ರ ಆಡು ಅಂದಾನ ಅಪ್ಪ. ಎಲ್ಲಾರೂ ಆರಿಸ್ಕೊಂಡು ಉಳದಾಕಿ ನಾನು ಅಂತ ಹೋಗಿ ಹೇಳ್ಲೇನು?"

ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಬಂದಿದ್ದರೆ ನಾನು ಏನಾದರೂ ಸಮಾಧಾನ ಹೇಳಿ ದಾಟಿಸಿಬಿಡುತ್ತಿದ್ದೆನೇನೋ. ಬರದಂತೆ ತಡೆದುಕೊಂಡಿದ್ದಳು, ಮೂವರು ಹಿಡಿದಾಗ ಉಸಿರು ತಡೆದುಕೊಂಡಿದ್ದಳಲ್ಲ, ಹಾಗೆ. ಇನ್ನು ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅವಳು ನಮ್ಮವಳು. ಆದರೆ ಎಂಟನೆಯವಳಾಗಿ, ತಟ್ಟೆಯಲ್ಲಿ ಯಾರೂ ಮುಟ್ಟದೆ ಬಿಟ್ಟದ್ದಾಗಿ ನಮ್ಮವಳು. ಅಂಥ ರೇಡ್ ಮಾಡುವ ಹುಡುಗಿ ಹಾಗೆ ಬರಬಾರದು. ನಾನು ಅವಳ ಪಕ್ಕ ಕುಳಿತೆ. "ನಿನ್ನ ಆಟದಾಗ ತಪ್ಪಿಲ್ಲ, ನಮ್ಮ ಮಂದ್ಯಾಗ ಐತಿ. ಎಲ್ಲಾರ್ಗೂ ನೀನ ಬೇಕು. ಅದಕ್ಕ ಒಬ್ರ ಮಾರಿ ಒಬ್ರು ನೋಡಿ, ಮೊದ್ಲ ನೀವು, ಮೊದ್ಲ ನೀವು ಅನ್ನಾಕತ್ತಾರ" ಎಂದು ನಡೆದದ್ದನ್ನೆಲ್ಲ ಹೇಳಿದೆ.

ಮಹಾದೇವಿ ನನ್ನನ್ನೇ ನೋಡಿದಳು. "ಇಷ್ಟನ?" ಎಂದಳು. ಲೋಟದ ನೀರನ್ನು ಗಟಗಟ ಕುಡಿದು, ಲೋಟ ನನ್ನ ಕೈಗಿಟ್ಟು ಎದ್ದು ನಿಂತಳು.

"ಅಜ್ಜಾರ, ಒಂದ್ ಮಾತು ಕೇಳ್ಲೇನ್ರಿ?"

"ಕೇಳವಾ, ಹೋಳಿಗಿ ಬೇಕೇನು?" ಎಂದರು ಸಾಹುಕಾರರು.

"ಬ್ಯಾಡ್ರಿ. ಮನಿಗೆ ಬಂದವರು ಮೊದ್ಲ ಆರಿಸ್ಕೋಬೇಕು ಅಂದ್ರಿ. ಹೌದಿಲ್ರಿ?"

"ಹೌದು ಮತ್ತ."

"ನಾನೂ ನಿಮ್ಮ ಮನಿಗೆ ಬಂದಾಕಿ ಅಲ್ಲೇನ್ರಿ? ನನಗ್ಯಾರೂ ಕೇಳ್ಲೇ ಇಲ್ಲ."

ಸಾಹುಕಾರರ ಮುಖ ಕೆಂಪಾಯಿತು, ಆಮೇಲೆ ಸಪ್ಪಗಾಯಿತು. ಜೀವಮಾನದಲ್ಲಿ ಮೊದಲ ಸಲ ಅವರ ಮನೆಯಲ್ಲಿ ಬಂದವರೊಬ್ಬರನ್ನು ವಿಚಾರಿಸುವುದು ತಪ್ಪಿಹೋಗಿತ್ತು. "ತಪ್ಪಾತವಾ" ಎಂದು ಕೈಮುಗಿದರು. "ನೀನ ಹೇಳು, ಯಾವ ತಂಡ ಬೇಕು ನಿನಗ?" ಮಾಸ್ತರರು ನಿಯಮದ ಪುಸ್ತಕ ತೆಗೆದರು, ಒಂದು ಹಾಳೆ ತಿರುವಿದರು, ಮತ್ತೆ ಜೇಬಿಗೆ ಇಟ್ಟುಕೊಂಡರು.

ನನಗೆ ಎದೆ ತುಂಬಿ ಬಂತು. ಅವಳನ್ನು ಮೊದಲು ಕಂಡವಳು ನಾನು, ಊರಿಗೆಲ್ಲ ಹೇಳಿದವಳು ನಾನು, ಮನೆಯತನಕ ಹೋಗಿ ಬಂದವಳು ನಾನು, ಈಗ ಸತ್ಯ ಹೇಳಿದವಳೂ ನಾನೇ. ಅವಳು ಯಾವ ಊರಿನ ಹೆಸರು ಹೇಳುತ್ತಾಳೆಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ರೇಣುಕಕ್ಕನ ಕಡೆ ನೋಡಿ ಮುಗುಳುನಕ್ಕೆ.

"ಸವದತ್ತಿ" ಎಂದಳು ಮಹಾದೇವಿ.

ನನ್ನ ಮುಗುಳುನಗೆ ಮುಖದ ಮೇಲೆಯೇ ಉಳಿಯಿತು. ಅವಳೇ ಸಂಕೋಚದಿಂದ ಮುಂದುವರಿಸಿದಳು: "ಬೈಲಹೊಂಗಲ ಅನ್ನಬೇಕಂತ ಮನಸಿನ್ಯಾಗ ಇತ್ರಿ. ನೀವು ಭಾಳ ಚಲೋ ಮಂದಿ ಅದೀರಿ. ಆದ್ರ ಮುಂಜಾನಿಂದ ಕುಂತು ನೋಡಾಕತ್ತೇನಿ. ಆಟದಾಗೂ ಎದುರಿನವರಿಗೆ ಹಿಂಗ ಮೊದ್ಲ ನೀವು, ಮೊದ್ಲ ನೀವು ಅನಕೋತ ಕುಂತ್ರ ಗೆಲ್ಲೂದ್ ಯಾವಾಗ್ರಿ?"

ಮೊದಲು ನಕ್ಕವರು ಸಾಹುಕಾರರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೆ ಮಾತು ನೋಡ್ರಿ! ನಾವು ಕಡೀಕ ಯಾಕ ಉಳದೀವಿ ಅಂತ ಈ ಹುಡುಗಿ ಒಂದ್ ದಿನದಾಗ ಹೇಳಿದ್ಲು" ಎಂದು ಅವಳ ತಲೆಯ ಮೇಲೆ ಕೈಯಿಟ್ಟು, ಮನೆಯವರಿಗೆಂದು ಒಂದು ಡಬ್ಬಿ ಹೋಳಿಗೆ ಕಟ್ಟಿಸಿಕೊಟ್ಟರು. ವಕೀಲಬಾಯಿ ಬೇಡ ಬೇಡ ಎನ್ನುತ್ತಲೇ ಹೆತ್ತವ್ವನಿಗಿಂತ ಬಿಗಿಯಾಗಿ ಅವಳನ್ನು ತಬ್ಬಿಕೊಂಡರು. ಕನ್ನಡಕದ ಹುಡುಗಿ ನಮ್ಮ ಪಾಲಿಗೆ ಬಂದಳು. ರೇಣುಕಕ್ಕ ಹೊರಡುವಾಗ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು, "ಬರಲಿಲ್ಲಂದ್ರ ಹೋಗ್ಲಿ. ಇನ್ನ ಆಕಿನ್ನ ಹಿಡಿಯೂದು ಹ್ಯಾಂಗಂತ ಕಲೀಬೇಕು, ಅಷ್ಟ" ಎಂದಳು. ನಾನು ಮನೆಗೆ ಬಂದು ಉಣ್ಣದೆ ಮಲಗಿದೆ. ಅವ್ವ ಕಾರಣ ಕೇಳಿ ತಿಳಿದು, "ಕೊಟ್ಟ ಮನಿ ಚಲೋ ಐತಿ, ಸುಮ್ಮನ ಉಣ್ಣೇಳ" ಎಂದಳು.

ಈ ವರ್ಷದ ಮೊದಲ ಪಂದ್ಯವೇ ನಮಗೂ ಸವದತ್ತಿಗೂ. ಬೈಲಹೊಂಗಲದ ಮೈದಾನ, ಸುಡುಬಿಸಿಲು. ನಮ್ಮ ಊರಿನ ಜನ ಒಂದು ಬದಿಗೆ, ಸವದತ್ತಿಯವರು ಎದುರು ಬದಿಗೆ. ನಾನು ನಮ್ಮವರ ಮುಂದಿನ ಸಾಲಿನಲ್ಲಿ, ಸಾಹುಕಾರರ ಕುರ್ಚಿಯ ಪಕ್ಕ. ನಮ್ಮ ತಂಡ ಆಡಿದ ರೀತಿ ನೋಡಿ ನನಗೆ ಗುರುತೇ ಹತ್ತಲಿಲ್ಲ. ರೇಣುಕಕ್ಕ ಮಹಾದೇವಿಯ ಆ ಮಾತನ್ನು ಎಲ್ಲರಿಗೂ ದಿನಾ ಹೇಳಿ ಹೇಳಿ ಉರಿಸಿದ್ದಳಂತೆ. ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡ ಹುಡುಗಿ ಮೊದಲ ರೇಡಿನಲ್ಲೇ ಒಬ್ಬಳನ್ನು ಮುಟ್ಟಿ ಬಂದಳು. ಯಾರೂ ಯಾರಿಗೂ ಮೊದಲು ನೀವು ಎನ್ನಲಿಲ್ಲ.

ಕೊನೆಯ ನಿಮಿಷಕ್ಕೆ ನಾವು ಒಂದೇ ಅಂಕ ಮುಂದಿದ್ದೆವು. ಕೊನೆಯ ರೇಡು ಮಹಾದೇವಿಯದು. ಅವಳು ಬಗ್ಗಿದಳು, ನೆಲ ನೋಡಿದಳು. ನಾನೂ ನೆಲ ನೋಡಿದೆ. ತಲೆ ಎತ್ತುವಷ್ಟರಲ್ಲಿ ಅವಳು ಒಬ್ಬಳನ್ನು ಮುಟ್ಟಿ ತಿರುಗಿದ್ದಳು, ಆದರೆ ರೇಣುಕಕ್ಕ ಅವಳ ಬಲಗಾಲಿನ ಹರಡು ಹಿಡಿದಿದ್ದಳು. ಇಡೀ ಮೈದಾನ ಎದ್ದು ನಿಂತಿತು. ಮಹಾದೇವಿ ಹಳೆಯ ಹಾಗೆಯೇ ನೀರಿನಲ್ಲಿ ಇಳಿದಂತೆ ಇಳಿದಳು, ರೇಣುಕಕ್ಕನನ್ನೂ ಎಳೆದುಕೊಂಡು ಗೆರೆಯ ಕಡೆ ಕೈ ಚಾಚಿದಳು. ಆಗ ಸಂಗೊಳ್ಳಿಯ ಆ ಬಾಯಿಲ್ಲದ ಶಾಂತಾ ಎಲ್ಲಿಂದಲೋ ಬಂದು ಆ ಕೈಗೂ ಗೆರೆಗೂ ನಡುವೆ ಅಡ್ಡ ಬಿದ್ದಳು. ಮೂವರೂ ಧೂಳಿನಲ್ಲಿ ಒಂದಾದರು. ಇಂಥದ್ದನ್ನು ನಾನು ಮತ್ತೆ ನೋಡುವುದಿಲ್ಲ ಎನಿಸಿತು. ಗಂಟಲು ಹರಿಯುವಂತೆ ಕೂಗಿದೆ.

ಸೀಟಿ ಕೂಗಿತು. ನಾವು ಗೆದ್ದಿದ್ದೆವು. ಎರಡು ವರ್ಷಗಳಲ್ಲಿ ನಮ್ಮ ಮೊದಲ ಗೆಲುವು. ಆದರೆ ನನ್ನ ಸುತ್ತ ಯಾರೂ ಕುಣಿಯುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಧೂಳಿನ ರಾಶಿಯ ಕೆಳಗಿನಿಂದ ರೇಣುಕಕ್ಕನೂ ತಲೆ ಎತ್ತಿ ನೋಡಿದಳು. ಆಮೇಲೆ ನನಗೇ ಕೇಳಿಸಿತು, ನಾನು ಇನ್ನೂ ಕೂಗುತ್ತಿದ್ದ ಮಾತು: "ಬಿಡಿಸ್ಕೊ ಮಹಾದೇವಿ, ಬಿಡಿಸ್ಕೊ, ಗೆರಿ ಮುಟ್ಟ!"

ನಾನು ಮೆಲ್ಲಗೆ ಕುಳಿತೆ. ಸಾಹುಕಾರರು ಪೇಟ ಸರಿಮಾಡಿಕೊಂಡರು. ಯಾರಿಗೂ ಬಿರುಸು ಮಾತಾಡಿ ಗೊತ್ತಿಲ್ಲದ ಮನುಷ್ಯರು. ಆಮೇಲೆ ನನ್ನ ಕಡೆ ಬಾಗಿ, ಬಹಳ ಅಕ್ಕರೆಯಿಂದ ಹೇಳಿದರು: "ಮುಂದಿನ ಆಟಕ್ಕ ನೀ ಆ ಕಡೆ ಹೋಗಿ ಕುಂದರವಾ. ಅಲ್ಲಿ ನೆಳ್ಳ ಐತಿ."

ಎದ್ದು, ಮೈದಾನ ಸುತ್ತಿ, ಸವದತ್ತಿಯವರ ನಡುವೆ ಹೋಗಿ ಕುಳಿತೆ. ಅಲ್ಲಿ ನೆರಳು ಇರಲಿಲ್ಲ.